ನಾನು ಅಳಿಸಿದ ಖಾತೆ

ಸಿಂಧನೂರಿನ ಆ ಕಂಪ್ಯೂಟರ್ ತರಬೇತಿ ಸಂಸ್ಥೆಗೆ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಸಂತೆಕಲ್ಲೂರಿನಲ್ಲಿ ಕುರಿ ಕಾಯುವ ಮನೆತನ ನಮ್ಮದು. ಡಿಗ್ರಿ ಮುಗಿಸಿದ ಮೊದಲ ಹೆಣ್ಣುಮಗಳು ನಾನೇ ಎಂದು ಅಪ್ಪ ಹೋದಲ್ಲಿ ಬಂದಲ್ಲಿ ಹೇಳಿಕೊಳ್ಳುತ್ತಿದ್ದ. ಸಂಸ್ಥೆಗೆ ಮೂರು ಶಾಖೆಗಳಿದ್ದವು. ಮುಖ್ಯ ಕಚೇರಿ ಸಿಂಧನೂರಿನಲ್ಲಿ, ಲಿಂಗಸುಗೂರು ಮತ್ತು ಮಸ್ಕಿಯಲ್ಲಿ ಒಂದೊಂದು. ಮೂರೂ ಕಡೆಯ ಕಂಪ್ಯೂಟರುಗಳು ಸಿಂಧನೂರಿನ ಒಂದು ದೊಡ್ಡ ಯಂತ್ರಕ್ಕೆ, ಅಂದರೆ ಸರ್ವರ್‌ಗೆ, ಜೋಡಣೆಯಾಗಿದ್ದವು. ಅಲ್ಲಿ ಕೆಲಸ ಮಾಡುವ, ಕಲಿಯುವ ಪ್ರತಿಯೊಬ್ಬರಿಗೂ ಆ ಸರ್ವರ್‌ನಲ್ಲಿ ಒಂದು ಖಾತೆ ಇರಬೇಕು. ಬೆಳಿಗ್ಗೆ ಬಂದು ಹೆಸರು, ಪಾಸ್‌ವರ್ಡ್ ಒತ್ತಿದರೆ ಒಳಗೆ ಬಿಡುತ್ತದೆ. ಒಳಗೆ ಬಿಟ್ಟರೆ ಹಾಜರಿ, ಬಿಡದಿದ್ದರೆ ಗೈರು.

ಆ ಖಾತೆಗಳನ್ನು ಮಾಡುವುದು, ನೋಡಿಕೊಳ್ಳುವುದು, ತೆಗೆಯುವುದು ನನ್ನ ಕೆಲಸ. ಅದನ್ನು ನನಗೆ ಕಲಿಸಿದವಳು ಲಿಂಗಸುಗೂರು ಶಾಖೆಯ ಶಿಕ್ಷಕಿ. ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ತವರು ತುಂಗಭದ್ರೆಯ ದಂಡೆಯ ಮುಕ್ಕುಂದ, ಗಂಡನ ಮನೆ ಲಿಂಗಸುಗೂರು. ನನಗಿಂತ ಮೊದಲು ಸಿಂಧನೂರಿನಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದವಳು ಅವಳೇ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ತಿಂಗಳು ಕಲಿಸಿದಳು. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸ್‌ಗೆ ಕೆಲಸವಿಲ್ಲ. ಕರೀ ಪರದೆಯ ಮೇಲೆ ಒಂದು ಸಾಲು ಅಕ್ಷರ ಬರೆದು ಎಂಟರ್ ಒತ್ತಿದರೆ ಕೆಲಸ ಆಗಿಹೋಗುತ್ತದೆ. ಆ್ಯಡ್‌ಯೂಸರ್ ಎಂದು ಬರೆದು ಮುಂದೆ ಹೆಸರು ಹಾಕಿದರೆ ಹೊಸಬರಿಗೊಂದು ಖಾತೆ, ಅವರ ಕಡತಗಳಿಗೊಂದು ಮನೆ. ಯೂಸರ್‌ಡೆಲ್ ಎಂದು ಬರೆದರೆ ಖಾತೆ ಹೋಗುತ್ತದೆ, ಮನೆ ಉಳಿಯುತ್ತದೆ. ಅದರ ಜೊತೆಗೆ ಒಂದು ಗೀಟು ಎಳೆದು ಆರ್ ಎಂಬ ಅಕ್ಷರ ಸೇರಿಸಿದರೆ ಖಾತೆಯೂ ಹೋಗುತ್ತದೆ, ಮನೆಯೂ ಹೋಗುತ್ತದೆ.

"ಇದಕ್ಕ ಮಾತ್ರ ಹುಷಾರವಾ ತಂಗಿ," ಎಂದಿದ್ದಳು. "ಇದು ಖರೇನಾ ಅಂತ ಕೇಳಂಗಿಲ್ಲ. ಒತ್ತಿದಿ ಅಂದ್ರ ಹೋತು."

ಕಲಿತ ಎರಡು ತಿಂಗಳಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಶಿಕ್ಷಕರನ್ನೆಲ್ಲ ಒಂದು ಹೊಸ ಗುಂಪಿಗೆ ಸೇರಿಸಲು ಹೋಗಿ ಆಜ್ಞೆಯಲ್ಲಿ ಒಂದು ಅಕ್ಷರ ಬಿಟ್ಟೆ. ಅವರೆಲ್ಲ ಹಳೆಯ ಗುಂಪುಗಳಿಂದ ಹೊರಬಿದ್ದರು. ಪರೀಕ್ಷೆಯ ದಿನ ಮೂರೂ ಊರಲ್ಲಿ ಯಾರಿಗೂ ಪ್ರಶ್ನೆಪತ್ರಿಕೆ ತೆರೆಯಲಾಗಲಿಲ್ಲ. ಅಕ್ಕ ಲಿಂಗಸುಗೂರಿನಿಂದಲೇ ಫೋನಿನಲ್ಲಿ ಸಾಲು ಸಾಲಾಗಿ ಹೇಳಿ ಸರಿಮಾಡಿಸಿದಳು. ಸಂಸ್ಥೆಯ ಮಾಲೀಕರು ಕೇಳಿದಾಗ, "ಕರೆಂಟ್ ಹೋಗಿ ಬಂತ್ರಿ, ಅದಕ್ಕ ಹಂಗಾತು," ಎಂದು ತಾನೇ ಸುಳ್ಳು ಹೇಳಿದಳು. ನನ್ನ ಕೆಲಸ ಉಳಿಯಿತು. ಅಂದಿನಿಂದ ಅವಳ ಫೋನ್ ಬಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಆ ಮಾತನ್ನು ಮತ್ತೆ ಎತ್ತಲೇ ಇಲ್ಲ. ಎತ್ತಿದ್ದರೆ ಜಗಳ ಮಾಡಬಹುದಿತ್ತು.

ಮಾಲೀಕರನ್ನು ಎದುರಿಗೆ ಸರ್ ಎನ್ನುತ್ತಿದ್ದೆವು, ಹಿಂದೆ ಸಾವ್ಕಾರ. ಅಂಗಡಿ ನಡೆಸಿ ಬಂದ ಮನೆತನದವರು, ದಿನಾ ವಿಭೂತಿ ಹಚ್ಚಿ ಬರುವವರು. ಬೈಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಅವರಿಗೆ ಕಂಪ್ಯೂಟರ್ ಬರುತ್ತಿರಲಿಲ್ಲ. ಆದರೆ ಖಾತೆಗೆ ಬೀಗ ಹಾಕಬಹುದು ಎಂಬ ಸಂಗತಿಯನ್ನು ಅವರಿಗೆ ಯಾರೋ ಹೇಳಿಬಿಟ್ಟಿದ್ದರು.

ಪಾಮನಕಲ್ಲೂರಿನಿಂದ ದಿನಾ ಬಸ್ಸಿಗೆ ಬರುವ ಒಬ್ಬ ವಯಸ್ಸಾದ ಗುಮಾಸ್ತ ನಮ್ಮಲ್ಲಿದ್ದ. ಎರಡೇ ಬೆರಳಿನಿಂದ ಅಂಕಪಟ್ಟಿ ಟೈಪ್ ಮಾಡುತ್ತಿದ್ದ. ಅಣ್ಣ ತೀರಿಕೊಂಡನೆಂದು ರಜೆ ಕೇಳದೆ ಎರಡು ದಿನ ಊರಲ್ಲಿ ಉಳಿದ. ಮೂರನೆಯ ದಿನ ಅವನು ಬರುವ ಮೊದಲೇ ಸಾವ್ಕಾರ ನನ್ನ ಟೇಬಲ್ಲಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು.

"ಆ ಮುದುಕನ ಖಾತೇಕ ಕೀಲಿ ಹಾಕು. ನಾ ಹೇಳೂತನಾ ತೆಗೀಬ್ಯಾಡ. ಯಾಕಂತಾನೂ ಹೇಳಬ್ಯಾಡ."

ಬೀಗ ಹಾಕಿದ ಖಾತೆ, ಬೀಗ ಹಾಕಿದೆ ಎಂದು ಹೇಳುವುದಿಲ್ಲ. ಪಾಸ್‌ವರ್ಡ್ ತಪ್ಪಾಗಿದೆ ಎಂದಷ್ಟೇ ಹೇಳುತ್ತದೆ. ಮುದುಕ ಬಂದು ಟೋಪಿ ತೆಗೆದಿಟ್ಟು ಒತ್ತಿದ. ತಪ್ಪು. ಮತ್ತೆ ಒತ್ತಿದ. ತಪ್ಪು. ಕನ್ನಡಕ ಒರೆಸಿಕೊಂಡ.

"ತಂಗಿ, ಇದು ಒಲ್ಲೆ ಅನ್ನಾಕತ್ತೈತಿ ನೋಡವಾ."

"ಸಾವಕಾಶ ಒತ್ತರಿ ಕಾಕಾ. ಇನ್ನೊಮ್ಮಿ ನೋಡ್ರಿ," ಎಂದೆ.

ಅವನು ಇನ್ನೊಮ್ಮೆ ನೋಡಿದ. ಮಧ್ಯಾಹ್ನದವರೆಗೂ ಇನ್ನೊಮ್ಮೆ ನೋಡುತ್ತಲೇ ಇದ್ದ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ. "ಅಣ್ಣ ಹ್ವಾದ ಮ್ಯಾಲ ತೆಲಿ ನೆಟ್ಟಗಿಲ್ಲ," ಎಂದು ತಾನೇ ಗೊಣಗಿಕೊಂಡ. ಕೊನೆಗೆ ನನ್ನ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ನನ್ನ ಕಿವಿಯಲ್ಲಿ ತನ್ನ ಪಾಸ್‌ವರ್ಡ್ ಹೇಳಿ, "ಇದ ಅಲ್ಲೇನವಾ? ನಾ ಮರತೀನೇನು?" ಎಂದು ಕೇಳಿದ. ಅದು ಅವನ ಮನೆಯ ಎತ್ತಿನ ಹೆಸರು. ಮುಂದೆ ಒಂದು ಅಂಕಿ.

ನಾನು ಅದನ್ನು ಸಾವ್ಕಾರರಿಗೆ ಹೇಳಿದೆ. ಅವರು ಕೇಳಿರಲಿಲ್ಲ. ನಾನೇ ಹೋಗಿ ಹೇಳಿದೆ. ಅವರಿಗೆ ಎಷ್ಟು ನಗು ಬಂತೆಂದರೆ ಕಣ್ಣಲ್ಲಿ ನೀರು ಬಂತು, ನಾನೂ ನಕ್ಕೆ. ಸಂಜೆಯೊಳಗೆ ಇಡೀ ಕಚೇರಿ ಮುದುಕನನ್ನು ಎತ್ತಿನ ಹೆಸರಿನಿಂದ ಕರೆಯುತ್ತಿತ್ತು. ಅವನು ತಿರುಗಿ ನನ್ನ ಕಡೆ ನೋಡಿದ. ಒಂದು ವಾರ ಬಂದ, ಆಮೇಲೆ ಬರುವುದನ್ನು ಬಿಟ್ಟ. ಅವನ ಖಾತೆಯನ್ನು ತೆಗೆಯುವಾಗ ನನಗೆ ಏನೂ ಅನ್ನಿಸಲಿಲ್ಲ. ಆ ದಿನ ಊಟಕ್ಕೆ ಸಾವ್ಕಾರರ ಮನೆಯಿಂದ ನನಗೂ ಹೋಳಿಗೆ ಬಂದಿತ್ತು.

ಆಮೇಲೆ ಅದು ರೂಢಿಯಾಯಿತು. ಯಾರಾದರೂ ಎದುರು ಮಾತಾಡಿದರೆ ಮರುದಿನ ಬೆಳಿಗ್ಗೆ ಅವರ ಪಾಸ್‌ವರ್ಡ್ ತಪ್ಪಾಗುತ್ತಿತ್ತು. ಸಂಜೆಯ ಹೊತ್ತಿಗೆ ತಾವೇ ಸಾವ್ಕಾರರ ಕೋಣೆಗೆ ಹೋಗಿ ಕೈಮುಗಿಯುತ್ತಿದ್ದರು. ನಾನು ಬೀಗ ತೆಗೆಯುತ್ತಿದ್ದೆ. ಜನ ನನಗೆ ಚಹಾ ತಂದುಕೊಡತೊಡಗಿದರು.

ಅಕ್ಕನ ಸರದಿ ಬಂದದ್ದು ಹೀಗೆ. ಹೊರಗಿನಿಂದ ತನಿಖೆಗೆ ಬಂದವರು ಲಿಂಗಸುಗೂರು ಶಾಖೆ ನೋಡಿ, ಮಸ್ಕಿಯ ಶಾಖೆಯ ಬಗ್ಗೆಯೂ ಅವಳನ್ನು ಕೇಳಿದರು. ಮಸ್ಕಿಯಲ್ಲಿ ಅರ್ಧಕ್ಕರ್ಧ ಯಂತ್ರಗಳು ಕೆಟ್ಟು ನಿಂತಿದ್ದವು, ಬಾರದ ವಿದ್ಯಾರ್ಥಿಗಳಿಗೂ ಪ್ರಮಾಣಪತ್ರ ಹೋಗುತ್ತಿತ್ತು. ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು.

ಮರುದಿನ ಸಾವ್ಕಾರ ಬೇಗ ಬಂದರು. ನಾನು ಅವರು ಹೇಳುವ ಮೊದಲೇ ಆಜ್ಞೆಯನ್ನು ಬರೆದಿಟ್ಟುಕೊಂಡಿದ್ದೆ. ಅವರು ತಲೆಯಾಡಿಸಿದರು, ನಾನು ಒತ್ತಿದೆ. ಒಂಬತ್ತೂವರೆಗೆ ಫೋನ್ ಬಂತು. "ಸ್ಪೀಕರ್‌ಗೆ ಹಾಕು," ಎಂದು ಕೈಸನ್ನೆ ಮಾಡಿದರು.

"ತಂಗಿ, ನನ್ನ ಪಾಸ್‌ವರ್ಡ್ ಹೋಗವಲ್ದು. ಸರ್ವರ್ ಚಲೋ ಐತಿಲ್ಲ?"

"ಚಲೋ ಐತ್ರಿ ಅಕ್ಕ. ಇನ್ನೊಮ್ಮಿ ನೋಡ್ರಿ."

ಫೋನಿನಲ್ಲಿ ಕೀಲಿಮಣೆಯ ಸದ್ದು ಕೇಳಿಸಿತು. ಹಿಂದೆ ಹುಡುಗ ಹುಡುಗಿಯರ ಗಲಾಟೆ. ಅಕ್ಕ ಎಂಟು ಅಕ್ಷರ ಒತ್ತುತ್ತಿದ್ದಳು. ಎಣಿಸಿದೆ. ಮತ್ತೆ ಎಂಟು. ಮೂರನೆಯ ಸಲ ಅರ್ಧಕ್ಕೇ ನಿಲ್ಲಿಸಿದಳು.

"ತಂಗಿ," ಎಂದಳು, ದನಿ ಇಳಿಸಿ. "ಹುಡುಗ್ರು ಕುಂತಾರ, ನೋಡಾಕತ್ತಾರ. ನೀ ಕೀಲಿ ಹಾಕಿದ್ರ ಹಾಕೀನಿ ಅಂತ ಒಂದ ಮಾತು ಅನ್ನು. ನಾ ಸುಮ್ಮನ ಎದ್ದು ಹೊಕ್ಕೀನಿ."

ಸಾವ್ಕಾರ ಬೆರಳಾಡಿಸಿ ಬೇಡ ಎಂದರು. ಅವರು ಬೇಡ ಎನ್ನದಿದ್ದರೂ ನಾನು ಹೇಳುತ್ತಿದ್ದೆನೋ ಇಲ್ಲವೋ.

"ನಾ ಏನೂ ಮಾಡಿಲ್ರಿ. ನಿಮ್ಮ ಬೆರಳ ತಪ್ಪಾಕತ್ತಿರಬೇಕು," ಎಂದೆ.

ಆಮೇಲೆ ಅವಳು ಫೋನ್ ಕೆಳಗಿಡದೆಯೇ ವಿದ್ಯಾರ್ಥಿಗಳಿಗೆ ಹೇಳಿದ್ದು ಕೇಳಿಸಿತು: "ಇವತ್ತ ಪಾಠ ಇಲ್ಲ. ನನಗ ಪಾಸ್‌ವರ್ಡ್ ಮರತೈತಿ. ಮನೀಗೆ ಹೋಗ್ರಿ." ಯಾರೋ ನಕ್ಕರು. ಇನ್ನೊಬ್ಬರಿಗೆ ಪಾಸ್‌ವರ್ಡ್ ಕಲಿಸುವವಳಿಗೇ ಮರೆತಿದೆ ಎಂದರೆ ಯಾರಿಗೆ ನಗು ಬರುವುದಿಲ್ಲ.

ಮಧ್ಯಾಹ್ನ ಅವಳೇ ಬಸ್ಸು ಹತ್ತಿ ಸಿಂಧನೂರಿಗೆ ಬಂದಳು. ಒಳಗೆ ಬಿಡಬೇಡಿ ಎಂದು ಅಪ್ಪಣೆಯಾಗಿತ್ತು. ಬಾಗಿಲ ಹೊರಗೆ, ಚಪ್ಪಲಿಗಳ ನಡುವೆ ನಿಂತಿದ್ದಳು. ನಾನು ಹೊರಗೆ ಹೋದೆ. ಕೆಲಸದ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ.

"ನನ್ನ ಪಾಠ ಅಷ್ಟು ಕೊಡು. ಹನ್ನೆರಡು ಅದಾವ. ಅವು ಸಂಸ್ಥೇದು ಅಲ್ಲ. ಊಟದ ಹೊತ್ತಿನಾಗ ನಾ ಕುಂತು ಬರದಿದ್ವು. ನಿನಗ ಗೊತ್ತೈತಿ."

ನನಗೆ ಗೊತ್ತಿತ್ತು. ಹಳ್ಳಿಯಿಂದ ಬರುವ ಹುಡುಗಿಯರಿಗೆ ಇಂಗ್ಲಿಷ್ ಪುಸ್ತಕ ತಿಳಿಯುವುದಿಲ್ಲವೆಂದು ಈ ಕರೀ ಪರದೆಯ ವಿದ್ಯೆಯನ್ನು ಅವಳು ಕನ್ನಡದಲ್ಲಿ ಬರೆದಿದ್ದಳು. ಖಾತೆ ಎಂದರೇನು, ಗುಂಪು ಎಂದರೇನು, ಯಾರ ಕಡತ ಯಾರು ತೆರೆಯಬಹುದು. ನೆಲದೊಳಗೆ ಜೋಳ ತುಂಬಿಡುವ ಹಗೇವು, ಕುರಿಹಟ್ಟಿ, ಮನೆಯ ಕೀಲಿಗೊಂಚಲು ಇಂಥವನ್ನೇ ಉದಾಹರಣೆ ಕೊಟ್ಟು ಬರೆದಿದ್ದಳು. ನಾಲ್ಕು ವರ್ಷದ ಕೆಲಸ. ಅವಳ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಪೆನ್‌ಡ್ರೈವ್ ತರಲು ಯಾರಿಗೂ ಅನುಮತಿಯಿರಲಿಲ್ಲ, ನನ್ನೊಬ್ಬಳನ್ನು ಬಿಟ್ಟು.

"ನಾಳೆ ಕೊಡ್ತೀನ್ರಿ ಅಕ್ಕ," ಎಂದೆ.

"ನಿನ್ನ ನಂಬೀನಿ," ಎಂದು ಹೇಳಿ ಬಸ್ ನಿಲ್ದಾಣದ ಕಡೆ ಹೋದಳು.

ಮರುದಿನ ಬೆಳಿಗ್ಗೆ ಸಾವ್ಕಾರ ಬಾಗಿಲಲ್ಲೇ ನಿಂತು, "ಆಕೀನ ತೆಗದುಬಿಡು," ಎಂದಷ್ಟೇ ಹೇಳಿ ಒಳಗೆ ಹೋದರು. ಅಷ್ಟೇ ಹೇಳಿದ್ದು. ನನ್ನ ಪೆನ್‌ಡ್ರೈವ್ ಮೇಜಿನ ಡ್ರಾದಲ್ಲಿತ್ತು. ಆ ಪಾಠಗಳನ್ನು ಅದಕ್ಕೆ ಹಾಕಲು ಒಂದು ನಿಮಿಷವೂ ಬೇಕಾಗುತ್ತಿರಲಿಲ್ಲ. ಅದೂ ಬೇಡ, ಸುಮ್ಮನೆ ಯೂಸರ್‌ಡೆಲ್ ಎಂದು ಬರೆದಿದ್ದರೆ ಖಾತೆ ಹೋಗಿ ಪಾಠಗಳು ಅಲ್ಲೇ ಉಳಿಯುತ್ತಿದ್ದವು. ನಾನು ಗೀಟು ಎಳೆದೆ, ಆರ್ ಬರೆದೆ, ಅವಳ ಹೆಸರು ಬರೆದೆ.

ಯಾಕೆ ಎಂದು ನನ್ನನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಹೆದರಿಕೆಯಿಂದ ಅಲ್ಲ. ಅವಳ ಜಾಗಕ್ಕೆ ನನ್ನನ್ನೇ ಕಳಿಸುತ್ತಾರೆಂದು ನನಗೆ ಗೊತ್ತಿತ್ತು. ಹಿಂದೊಮ್ಮೆ ಅವಳು ರಜೆ ಇದ್ದಾಗ ನಾನು ಲಿಂಗಸುಗೂರಿನಲ್ಲಿ ಎರಡು ದಿನ ಪಾಠ ಮಾಡಿದ್ದೆ. ಮೂರನೇ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, "ಅಕ್ಕಾರು ಬರದಿದ್ದು ಓದ್ತೀವ್ರಿ ನಾವು. ನೀವು ಹೇಳೂದು ತಿಳಿಯಂಗಿಲ್ರಿ," ಎಂದಿದ್ದಳು. ಆ ಹನ್ನೆರಡು ಪಾಠ ಇರುವತನಕ ನಾನು ಅಲ್ಲಿ ಎರಡನೆಯವಳೇ. ಅದಕ್ಕೇ ಒತ್ತಿದೆ. ಪರದೆಯ ಮೇಲೆ ಏನೂ ಬರಲಿಲ್ಲ. ಕೆಲಸವಾದರೆ ಅದು ಏನೂ ಹೇಳುವುದಿಲ್ಲ.

ಅಂದೇ ಸಂಜೆ ಅವಳ ಫೋನ್ ಬಂತು.

"ಸಿಕ್ವೇನು?"

"ಅಳಸಿ ಹೋಗ್ಯಾವ್ರಿ ಅಕ್ಕ. ಸರ್ ಅಳಸಂದ್ರು."

"ಎಲ್ಲಾ?"

"ಎಲ್ಲಾರಿ."

ಅವಳು ಫೋನ್ ಇಟ್ಟಳು.

ನಾನು ಲಿಂಗಸುಗೂರಿಗೆ ಹೋದೆ. ಸಂತೆಕಲ್ಲೂರಿನಿಂದ ಬಸ್ಸಿಗೆ, ಬಸ್ಸಿಲ್ಲದಿದ್ದರೆ ಮಂದಿ ತುಂಬಿದ ಆಟೋದಲ್ಲಿ. ಪಾಠ ಮಾಡಲು ನನ್ನ ಹೆಸರಿನಲ್ಲಿ ಒಂದು ಹೊಸ ಖಾತೆ ಮಾಡಿಕೊಂಡೆ. ಆಗ ಒಂದು ಸಂಗತಿ ನಡೆಯಿತು. ಸರ್ವರ್ ಜನರನ್ನು ಹೆಸರಿನಿಂದ ನೆನಪಿಡುವುದಿಲ್ಲ, ಸಂಖ್ಯೆಯಿಂದ ನೆನಪಿಡುತ್ತದೆ. ಒಂದು ಕಡತ ಯಾರದು ಎಂಬುದನ್ನೂ ಅದೇ ಸಂಖ್ಯೆಯಿಂದ ಗುರುತಿಡುತ್ತದೆ. ಹೊಸಬರು ಬಂದರೆ ಖಾಲಿ ಬಿದ್ದ ಮೊದಲ ಸಂಖ್ಯೆಯನ್ನು ಕೊಡುತ್ತದೆ. ಖಾಲಿ ಬಿದ್ದವುಗಳಲ್ಲಿ ಮೊದಲನೆಯದು ಅಕ್ಕನದು. ಅಕ್ಕ ತನ್ನ ಮೊದಲ ಆರು ಪಾಠಗಳ ಒಂದು ಪ್ರತಿಯನ್ನು ವಿದ್ಯಾರ್ಥಿಗಳಿಗೆಂದು ಎಲ್ಲರೂ ನೋಡುವ ಸಾಮಾನ್ಯ ಕೋಶದಲ್ಲಿ ಇಟ್ಟಿದ್ದಳು. ಅದು ಅವಳ ಮನೆಯ ಹೊರಗಿದ್ದುದರಿಂದ ಅಳಿಸಿರಲಿಲ್ಲ. ನಾನು ಪಟ್ಟಿ ತೆಗೆದು ನೋಡಿದರೆ ಆರೂ ಪಾಠಗಳ ಮುಂದೆ, ಒಡೆಯರ ಹೆಸರು ಇರುವ ಜಾಗದಲ್ಲಿ, ನನ್ನ ಹೆಸರು.

ಅದನ್ನು ಬದಲಾಯಿಸುವುದು ಒಂದೇ ಸಾಲಿನ ಕೆಲಸ. ನಾನು ಬಿಟ್ಟೆ. ಆ ಆರು ಪಾಠಗಳನ್ನೇ ಹೇಳಿಕೊಡತೊಡಗಿದೆ. ಒಂದು ದಿನ ಸಾವ್ಕಾರ ಬಂದಾಗ ಅವು ಪರದೆಯ ಮೇಲಿದ್ದವು.

"ಇದನ್ನ ನೀ ಬರದೀಯೇನ? ನಿನ್ನ ಹೆಸರ ಐತಲ್ಲ."

"ಹೌದ್ರಿ," ಎಂದೆ.

"ಹುಷಾರದಿ ಬಿಡು," ಎಂದು ಅದನ್ನು ಚಿಕ್ಕ ಪುಸ್ತಕ ಮಾಡಿ ಮುದ್ರಿಸಿದರು. ನೀಲಿ ರಟ್ಟು, ಮೇಲೆ ನನ್ನ ಹೆಸರು. ಮೂರೂ ಶಾಖೆಯ ವಿದ್ಯಾರ್ಥಿಗಳಿಗೆ ಹಂಚಿದರು. ಮೂರನೇ ಬೆಂಚಿನ ಆ ಹುಡುಗಿ ಎರಡು ಪುಟ ತಿರುವಿ, ನನ್ನ ಮುಖ ನೋಡಿ, ಪುಸ್ತಕವನ್ನು ಬೆಂಚಿನ ಮೇಲೆಯೇ ಬಿಟ್ಟು ಹೋದಳು. ಮರುವಾರ ಅವಳ ಖಾತೆಗೂ ಬೀಗ ಬಿತ್ತು. ಈ ಸಲ ಯಾರೂ ನನಗೆ ಹೇಳಿರಲಿಲ್ಲ.

ಇದಾಗಿ ಒಂದು ವರ್ಷಕ್ಕೆ ಅಪ್ಪನ ಪಿಂಚಣಿ ಅರ್ಜಿ ಹಾಕಬೇಕಾಗಿತ್ತು. ಮಸ್ಕಿಯ ಬಸ್ ನಿಲ್ದಾಣದ ಹತ್ತಿರ ಒಂದು ಆನ್‌ಲೈನ್ ಅಂಗಡಿಯಿದೆ, ಚಲೋ ಮಾಡಿಕೊಡುತ್ತಾರೆ ಎಂದು ಅಪ್ಪನೇ ಕೇಳಿಕೊಂಡು ಬಂದಿದ್ದ. ಸಾಲಿನಲ್ಲಿ ನಿಂತು ನಮ್ಮ ಪಾಳಿ ಬಂದಾಗ ನೋಡುತ್ತೇನೆ, ಕಂಪ್ಯೂಟರಿನ ಹಿಂದೆ ಅಕ್ಕ ಕೂತಿದ್ದಾಳೆ. ತಿರುಗಿ ಹೋಗೋಣವೆಂದರೆ ಅಪ್ಪ ಆಗಲೇ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದ.

ಅವಳು ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಅಪ್ಪನ ಕಾಗದಗಳನ್ನು ಒಂದೊಂದಾಗಿ ತೆಗೆದುಕೊಂಡು, ಹೆಬ್ಬೆಟ್ಟು ಸರಿಯಾಗಿ ಬೀಳಲೆಂದು ಅವನ ಬೆರಳನ್ನು ತನ್ನ ಸೆರಗಿನಿಂದ ಒರೆಸಿ, ನಿಧಾನಕ್ಕೆ ಕೆಲಸ ಮುಗಿಸಿದಳು. ಪ್ರಿಂಟ್ ತರಲು ಎದ್ದವಳು ನನ್ನ ಪಕ್ಕದಲ್ಲಿ ನಿಂತು, ಅಪ್ಪನಿಗೆ ಕೇಳದ ಹಾಗೆ ಹೇಳಿದಳು:

"ತೆಗಿ ಅಂದಿದ್ದು ಆತ. ಆರ್ ಹಾಕಿದ್ದು ನೀ. ಆತಗ ಆರ್ ಅಂದ್ರ ಏನಂತ ಗೊತ್ತಿಲ್ಲ."

"ಅಕ್ಕಾ..." ಎಂದೆ.

ಅವಳು ಕೇಳಿಸಿಕೊಳ್ಳದೆ ಹೋಗಿ ಅಪ್ಪನ ಎದುರು ಕೂತಳು. ನಕ್ಕಳು. ಅಷ್ಟು ಚಂದದ ನಗುವನ್ನು ನಾನು ಅವಳ ಮುಖದಲ್ಲಿ ಮೊದಲು ನೋಡಿರಲಿಲ್ಲ.

"ಯಜಮಾನ್ರ, ನಿಮ್ಮ ಮಗಳು ಪುಸ್ತಕ ಬರದಾಳ, ಗೊತ್ತೈತೇನ್ರಿ?"

"ಏನಂದಿ ಯವ್ವಾ? ಪುಸ್ತಕ?"

"ಹೂನ್ರಿ. ಮೂರು ಊರಿನ ಹುಡುಗ್ರು ಓದಾಕತ್ತಾರ. ಇಂಥಾ ಪುಸ್ತಕ ನಮ್ಮ ಸೀಮ್ಯಾಗ ಯಾರೂ ಬರದಿಲ್ಲ. ಒಂದೊಂದು ಮಾತು ಮುತ್ತಿನಂಗ ಅದಾವ. ನಿಮಗ ಹೇಳಿಲ್ಲೇನು ಈಕಿ?"

ಅಪ್ಪ ನನ್ನ ಕಡೆ ತಿರುಗಿದ. ಅವನ ಕಣ್ಣು ತುಂಬಿ ಬಂದಿತ್ತು. "ಯಾಕ ಹೇಳಿಲ್ಲ ನೀ? ಯಾಕವಾ ಹೇಳಿಲ್ಲ?" ಎಂದು ಜನರ ಎದುರಿಗೇ ನನ್ನ ಕೈ ಹಿಡಿದು ಅಲ್ಲಾಡಿಸಿದ. ಸಾಲಿನಲ್ಲಿ ನಿಂತಿದ್ದವರೆಲ್ಲ ನನ್ನನ್ನು ನೋಡಿದರು. ಅಕ್ಕ ಅವರಿಗೂ ಹೇಳಿದಳು.

ಊರಿಗೆ ಹೋಗುವ ಆಟೋದಲ್ಲಿಯೇ ಅಪ್ಪ ಹತ್ತು ಜನರಿಗೆ ಹೇಳಿದ. ಮರುದಿನ ಪುಸ್ತಕ ತರಿಸಿಕೊಂಡ. ಅವನಿಗೆ ಓದಲು ಬರುವುದಿಲ್ಲ. ನೀಲಿ ರಟ್ಟಿನ ಮೇಲಿನ ನನ್ನ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿ, ದೇವರ ಜಗಲಿಯ ಮೇಲಿಟ್ಟ. ಮನೆಗೆ ಬಂದವರಿಗೆಲ್ಲ ಅದನ್ನು ಇಳಿಸಿ ತೋರಿಸುತ್ತಾನೆ. ಅಮಾವಾಸ್ಯೆಯ ದಿನ ಕುರಿಗಳನ್ನು ನೆರಳಿಗೆ ಬಿಟ್ಟು ಬಂದು, "ಓದವಾ ಒಂದೀಟು, ಕೇಳೋಣು," ಎನ್ನುತ್ತಾನೆ. ನಾನು ಓದುತ್ತೇನೆ. ಕುರಿಹಟ್ಟಿಯ ಉದಾಹರಣೆ ಬಂದಾಗ ತೊಡೆ ತಟ್ಟಿಕೊಂಡು, "ಇದು ನಮ್ಮ ಹಟ್ಟೀದ, ನನ್ನ ನೋಡೇ ಬರದೀ," ಎನ್ನುತ್ತಾನೆ. ಅವಳು ನಮ್ಮ ಹಟ್ಟಿಯನ್ನು ಕಂಡವಳೇ ಅಲ್ಲ.

ಒಂದು ಸಲ ಹೇಳಿಬಿಡಬೇಕೆಂದು ಬಾಯಿ ತೆರೆದೆ. "ಅಪ್ಪಾ, ಇದು ನಂದಲ್ಲ," ಎಂದೆ. "ದೊಡ್ಡೋರಾದೋರು ಹಿಂಗ ಅಂತಾರ," ಎಂದು ಅವನು ಪಕ್ಕದವರಿಗೆ ಹೆಮ್ಮೆಯಿಂದ ಹೇಳಿದ. ಮತ್ತೆ ನಾನು ಆ ಮಾತು ಎತ್ತಲಿಲ್ಲ.

ಆ ಅಂಗಡಿಯ ರೂಢಿ ಅವನಿಗೆ ಬಿದ್ದಿದೆ. ಮಸ್ಕಿಗೆ ಹೋದಾಗೆಲ್ಲ ಅಕ್ಕನ ಹತ್ತಿರ ಹೋಗಿ ಕೂತು ಬರುತ್ತಾನೆ. ಸೀತನಿಯ ಕಾಲದಲ್ಲಿ ಎಳೆ ಜೋಳದ ತೆನೆ ಸುಟ್ಟು, ತಿಕ್ಕಿ, ಬಿಸಿಬಿಸಿ ಕಾಳನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಅವಳಿಗೆ ಒಯ್ದ. ಅವಳು ಅವನಿಗೆ ಚಹಾ ತರಿಸಿ ಕೊಡುತ್ತಾಳೆ, ಅವನ ಕಾಗದಪತ್ರಗಳನ್ನು ದುಡ್ಡಿಲ್ಲದೆ ಮಾಡಿಕೊಡುತ್ತಾಳೆ, ನನ್ನನ್ನು ಹೊಗಳುತ್ತಾಳೆ. ಅವಳ ಹೊಗಳಿಕೆಯನ್ನು ಅಪ್ಪ ಒಂದಕ್ಷರ ಬಿಡದೆ ತಂದು ನನಗೆ ಒಪ್ಪಿಸುತ್ತಾನೆ. ನಾನು ರೊಟ್ಟಿ ಮುರಿಯುತ್ತ ಕೇಳುತ್ತೇನೆ.

ಹೋದ ವಾರ ಬಂದವನು ಹೆಗಲ ಮೇಲಿನ ಕಂಬಳಿಯನ್ನೂ ಇಳಿಸದೆ ನನ್ನನ್ನು ಕರೆದ.

"ಆಕಿ ನಿನಗೊಂದು ಮಾತು ಕೇಳ್ಯಾಳ. ಪುಸ್ತಕ ಆರ ಪಾಠಕ್ಕ ನಿಂತೈತಂತ. ಉಳಿದದ್ದು ಯಾವಾಗ ಬರತೈತಿ ಅಂತ ಹುಡುಗ್ರು ಕೇಳಾಕತ್ತಾರಂತ. ಏನಂತ ಹೇಳ್ಲಿ?"

"ಬರಿಯಾಕತ್ತೀನಿ ಅಂತ ಹೇಳು," ಎಂದೆ.